ಅವನನ್ನು ಕೊನೆಗೆ ಉಳಿಸಿ

ನೆಲದಿಂದ ಅರವತ್ತು ಮೀಟರ್ ಮೇಲೆ, ಎರಡು ಹೆಜ್ಜೆ ಅಗಲದ ಗಾಜಿನ ಗೂಡಿನಲ್ಲಿ ಕೂತು ದುಡಿಯುವ ಹೆಂಗಸು ಅವಳು. ಟವರ್ ಕ್ರೇನ್ ನಡೆಸುವುದು ಕೆಲಸ. ವಯಸ್ಸು ನಲವತ್ತಮೂರು. ಗಾರೆಯವರು, ಕಬ್ಬಿಣ ಕಟ್ಟುವವರು, ಗೇಟಿನ ಕಾವಲುಗಾರ, ಎಲ್ಲರ ಬಾಯಲ್ಲೂ ಅವಳು ಕ್ರೇನ್ ಅಕ್ಕ. ಬೆಳಿಗ್ಗೆ ಏಳಕ್ಕೆ ಏಣಿ ಹತ್ತಿದಳೆಂದರೆ ಸಂಜೆ ನಾಲ್ಕರವರೆಗೆ ಇಳಿಯುವ ಮಾತಿಲ್ಲ. ಊಟದ ಡಬ್ಬಿ ಮಡಿಲಲ್ಲಿ, ನೀರಿನ ಬಾಟಲಿ ಕಾಲ ಬಳಿ, ರೇಡಿಯೋ ಭುಜದ ಮೇಲೆ.

ಆ ಕೆಲಸದಲ್ಲಿ ಕಣ್ಣಿಗಿಂತ ಕಿವಿ ದೊಡ್ಡದು. ಸರಕು ಕಟ್ಟಡದ ಹಿಂಬದಿಗೆ ಹೋಯಿತೆಂದರೆ ಅವಳಿಗೆ ಕಾಣುವುದು ಬರೀ ಉಕ್ಕಿನ ಹಗ್ಗ. ಅದರ ತುದಿಯಲ್ಲಿ ಎರಡು ಟನ್ ಕಬ್ಬಿಣ ತೂಗುತ್ತಿರುತ್ತದೆ, ಆಸುಪಾಸಿನಲ್ಲಿ ಮನುಷ್ಯರಿರುತ್ತಾರೆ. ಆಗ ಕೆಳಗೆ ನಿಂತ ಸಿಗ್ನಲ್‌ನವನ ದನಿಯೇ ಅವಳ ಕಣ್ಣು. ಅವನು "ಇಳಿಸು, ಇಳಿಸು, ಇಳಿಸು" ಅನ್ನುತ್ತಲೇ ಇರಬೇಕು. ದನಿ ನಿಂತ ಕ್ಷಣ ಅವಳ ಕೈಯೂ ನಿಲ್ಲಬೇಕು. ಯಾಕೆ ನಿಂತಿತು ಎಂದು ಕೇಳುವುದೆಲ್ಲ ಆಮೇಲೆ. ಹದಿನೇಳು ವರ್ಷದಲ್ಲಿ ಅವಳ ಕೈಯಿಂದ ಒಬ್ಬರಿಗೂ ಗೀರುಗಾಯವಾಗಿರಲಿಲ್ಲ. ಇದನ್ನು ಅವಳಾಗಿ ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ. ಆದರೆ ಯಾರಾದರೂ ಮರೆತಂತೆ ಆಡಿದರೆ ಸಹಿಸುತ್ತಲೂ ಇರಲಿಲ್ಲ.

ಇಂಥವಳನ್ನು ಬಂದೂಕಿನ ಆಟಕ್ಕೆ ಎಳೆದವನು ತಮ್ಮ. ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವನು. ಅಪ್ಪ ಹೋದಾಗ ಇವನಿನ್ನೂ ಶೂ ಲೇಸು ಕಟ್ಟಿಕೊಳ್ಳಲು ಬಾರದವನು. ಎತ್ತಿ ಆಡಿಸಿ, ಶಾಲೆಗೆ ಬಿಟ್ಟು, ಜ್ವರ ಬಂದರೆ ಹೆಗಲ ಮೇಲೆ ಹಾಕಿಕೊಂಡು ಓಡಾಡಿದವಳು ಅವಳೇ. ಅವನೀಗ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ನಾಲ್ಕು ವರ್ಷದ ಹಿಂದೆ ಅವಳು ಏಣಿಯ ಕೊನೆಯ ಮೆಟ್ಟಿಲಲ್ಲಿ ಜಾರಿ ಪಾದ ಮುರಿದುಕೊಂಡು ಆರು ವಾರ ಹಾಸಿಗೆ ಹಿಡಿದಾಗ, "ಸುಮ್ನೆ ಗೋಡೆ ನೋಡ್ಕೊಂಡು ಏನ್ ಮಾಡ್ತೀಯ, ಹಿಡಿ" ಎಂದು ಮೌಸು ಕೈಗಿಟ್ಟ. ಪಾದ ಕೂಡಿಕೊಂಡಿತು, ಆಟ ಬಿಡಲಿಲ್ಲ.

ಆಟ ನಾಲ್ಕು ಜನರ ತಂಡಗಳದು. ಒಂದು ಕಡೆಯವರು ಗೋದಾಮಿಗೆ ನುಗ್ಗಿ ಒಂದು ಪೆಟ್ಟಿಗೆಯನ್ನು ಹೊತ್ತು ತರಬೇಕು, ಇನ್ನೊಂದು ಕಡೆಯವರು ತಡೆಯಬೇಕು. ಒಂದು ಕಡೆಯವರೆಲ್ಲ ಸತ್ತರೂ ಸುತ್ತು ಮುಗಿದಂತೆಯೇ. ಗುಂಡು ತಿಂದು ಸತ್ತವರು ಸುತ್ತು ಮುಗಿಯುವವರೆಗೆ ಬದುಕಿರುವವರ ಆಟ ನೋಡುತ್ತ ಕೂರಬೇಕು. ಮೊದಲು ಏಳು ಸುತ್ತು ಗೆದ್ದವರಿಗೆ ಪಂದ್ಯ. ತಮ್ಮ ಒಂದು ತಂಡ ಕಟ್ಟಿ ತನಗೆ ತಾನೇ ಕಪ್ತಾನ ಎಂದು ಹೆಸರಿಟ್ಟುಕೊಂಡಿದ್ದ. ಅವನ ಕೈ ಚುರುಕು, ಗುರಿ ತಪ್ಪುತ್ತಿರಲಿಲ್ಲ, ಅದನ್ನು ಅವಳೂ ಒಪ್ಪುತ್ತಿದ್ದಳು. ಕಷ್ಟ ಇದ್ದದ್ದು ಬಾಯಲ್ಲಿ. ಗೆದ್ದರೆ ತನ್ನಿಂದ, ಸೋತರೆ ಇನ್ನೊಬ್ಬರಿಂದ. ಮೂರು ವರ್ಷದಲ್ಲಿ ಅವನ ತಂಡದಿಂದ ಆಚೆ ಬಿದ್ದವರನ್ನು ಸಾಲಾಗಿ ನಿಲ್ಲಿಸಿದರೆ ಒಂದು ಬಸ್ಸು ತುಂಬುತ್ತಿತ್ತು.

ಅವಳ ಸರದಿ ಬಂದದ್ದು ಒಂದು ಸೆಮಿಫೈನಲ್‌ನಲ್ಲಿ. ಕೊನೆಯ ಸುತ್ತು. ಅವಳು ಎಡ ಮೆಟ್ಟಿಲ ಕಡೆ ಕಾವಲಿದ್ದಳು. "ಎಡ ಮೆಟ್ಟಿಲು, ಇಬ್ಬರು, ಮೇಲೆ ಬರ್ತಿದಾರೆ" ಎಂದಳು. ಅದೇ ಹೊತ್ತಿಗೆ, ಹಿಂದಿನ ಸುತ್ತಿನಲ್ಲಿ ಯಾರು ಯಾಕೆ ಸತ್ತರು ಎಂದು ತಮ್ಮ ಒದರುತ್ತಿದ್ದ. ಅವಳು ಮತ್ತೆ ಹೇಳಿದಳು. ಅವನು ಕೇಳಿಸಿಕೊಳ್ಳಲಿಲ್ಲ. ಮೂರನೆಯ ಸಲ ಅವಳ ದನಿ ಏರಿ ಒಡೆದುಹೋಯಿತು: "ಮೆಟ್ಟಿಲು! ಮೆಟ್ಟಿಲು ಕಣೋ!" ಅಷ್ಟರಲ್ಲಿ ಇಬ್ಬರು ಮೇಲೆ ಬಂದು ಅವನ ಬೆನ್ನಿಗೆ ಹೊಡೆದಿದ್ದರು.

ಮರುದಿನ ಫೋನಿನಲ್ಲಿದ್ದ ತಂಡದ ಗುಂಪಿನಿಂದ ಅವಳ ಹೆಸರು ಮಾಯವಾಗಿತ್ತು. ಅವಳ ಜಾಗಕ್ಕೆ ಕನ್ನಡಕದ ಹುಡುಗಿಯೊಬ್ಬಳು ಬಂದಿದ್ದಳು. ಅಷ್ಟಕ್ಕೇ ನಿಂತಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳೋ ಏನೋ. ಎರಡು ದಿನ ಬಿಟ್ಟು ತಮ್ಮ ಒಂದು ವಿಡಿಯೋ ಹಾಕಿದ. ಅವಳು ಸರಿಯಾಗಿ ಹೇಳಿದ ಮೊದಲ ಎರಡು ಸಲವನ್ನೂ ಕತ್ತರಿಸಿ ಎಸೆದು, ಆ ಒಡೆದ ದನಿಯನ್ನಷ್ಟೇ ಇಟ್ಟುಕೊಂಡಿದ್ದ. ದನಿಗೆ ತಕ್ಕಂತೆ ಕ್ರೇನೊಂದು ಗಡಗಡ ನಡುಗಿ ಸಿಮೆಂಟು ಸುರಿಯುವ ಚಿತ್ರ. ಮೇಲೆ ಬರಹ: ಅಕ್ಕ ಸಿಮೆಂಟ್ ಇಳಿಸ್ತಿದಾಳೆ, ತಲೆ ಉಳಿಸ್ಕೊಳ್ಳಿ. ಸಾವಿರಾರು ಜನ ನೋಡಿ ನಕ್ಕರು.

ಬುಧವಾರ ಅದು ಸೈಟಿಗೂ ಬಂತು. ಹಿಂಬದಿಯಲ್ಲಿ ಕಬ್ಬಿಣದ ಕಟ್ಟು ಇಳಿಸುತ್ತಿದ್ದಾಗ ರೇಡಿಯೋದಲ್ಲಿ ಯಾವನೋ ಹೆಣ್ಣುದನಿ ಮಾಡಿ "ಮೆಟ್ಟಿಲು ಕಣೋ!" ಎಂದು ಕಿರುಚಿದ. ಅವಳು ಕೈ ನಿಲ್ಲಿಸಿದಳು. ಎರಡು ಟನ್ ಕಬ್ಬಿಣ ಆರನೇ ಅಂತಸ್ತಿನ ಪಕ್ಕದಲ್ಲಿ ಗಾಳಿಯಲ್ಲಿ ನಿಂತಿತು. ಸಿಗ್ನಲ್‌ನವನು ಬೇಡಿಕೊಂಡ, ಮೇಸ್ತ್ರಿ ಗದರಿದ, ಅವಳು ಕದಲಲಿಲ್ಲ. ನಲವತ್ತು ನಿಮಿಷ. ಕೊನೆಗೆ ಸೈಟಿನ ಇಂಜಿನಿಯರು ಏದುಸಿರು ಬಿಡುತ್ತ ಏಣಿ ಹತ್ತಿ ಬಂದಾಗ ಅವಳು ಹೇಳಿದ್ದು ಇಷ್ಟೇ: "ಸರ್, ಈ ಚಾನೆಲ್‌ನಲ್ಲಿ ಇನ್ನೊಂದ್ಸಲ ಯಾರಾದ್ರೂ ತಮಾಷೆ ಮಾಡಿದ್ರೆ ನಾನು ಇಳಿದು ಮನೆಗೆ ಹೋಗ್ತೀನಿ. ಕೆಳಗಿದ್ದೋರ ತಲೆ ನಿಮ್ಮ ಜವಾಬ್ದಾರಿ."

ಸೈಟಿನಲ್ಲಿ ನಗು ನಿಂತಿತು. ಅವಳ ಹೊಟ್ಟೆಯ ಬೆಂಕಿ ನಿಲ್ಲಲಿಲ್ಲ. ಸಂಜೆ ಮನೆಗೆ ಹೋದವಳು ಚಪ್ಪಲಿ ಬಿಡದೆ ತಮ್ಮನ ಕೋಣೆಯ ಬಾಗಿಲಲ್ಲಿ ನಿಂತಳು.

"ಅದನ್ನ ತೆಗಿ."

"ಏನಕ್ಕ ನೀನು, ತಮಾಷೆಗೆ ಹಾಕಿದ್ದು. ಜನ ಎಷ್ಟು ಇಷ್ಟಪಡ್ತಿದಾರೆ ಗೊತ್ತಾ? ನಿನ್ನಿಂದ ನನ್ನ ಚಾನೆಲ್ ಎದ್ದು ನಿಂತಿದೆ."

"ನಾನು ಎರಡು ಸಲ ಸರಿಯಾಗಿ ಹೇಳಿದ್ದೆ. ಅದನ್ನ ಯಾಕೆ ಕತ್ತರಿಸ್ದೆ?"

ಅವನು ಪರದೆಯಿಂದ ಕಣ್ಣು ತೆಗೆಯದೆ ನಕ್ಕ. "ಅದ್ರಲ್ಲಿ ನಗೋಕೆ ಏನಿದೆ?"

ಅಡುಗೆಮನೆಯಿಂದ ಅಮ್ಮ ಕೂಗಿದಳು: "ಚಿಕ್ಕವ್ನು, ಬಿಡೇ. ನಿಂಗೂ ಈ ವಯಸ್ಸಲ್ಲಿ ಆ ಆಟ ಬೇಕಿತ್ತಾ?"

ಮೂವತ್ತೆರಡು ವರ್ಷದ ಗಡವ ಆ ಮನೆಯಲ್ಲಿ ಇನ್ನೂ ಚಿಕ್ಕವನೇ. ಅವಳು ಕೋಣೆಗೆ ಹೋಗಿ, ಹಳೆಯ ಗುಂಪುಗಳನ್ನೆಲ್ಲ ಜಾಲಾಡಿ, ತಮ್ಮ ಹೊರಗಟ್ಟಿದವರ ಪಟ್ಟಿ ಬರೆಯಲು ಕೂತಳು.

ಆ ಪಟ್ಟಿಯಿಂದ ಮೂವರು ಬಂದರು. ಮೊದಲನೆಯವರು ಮೇಷ್ಟ್ರು, ನಿವೃತ್ತರಾದ ಗಣಿತದ ಮೇಷ್ಟ್ರು. ಅರವತ್ತೊಂದು ವರ್ಷ, ಕೈ ನಿಧಾನ, ಆದರೆ ಎದುರಾಳಿ ಎಲ್ಲಿ ಬರುತ್ತಾನೆಂದು ಮೊದಲೇ ಊಹಿಸಿ ಕಾದು ಕೂರುವವರು. "ಮುದುಕಪ್ಪಾ, ಟೀ ಕುಡಿಯೋಕೆ ಹೋಗಿದ್ಯಾ?" ಎಂದು ಎಲ್ಲರೆದುರು ಕೇಳಿ ತಮ್ಮ ಅವರನ್ನು ಕಳಿಸಿದ್ದ. ಎರಡನೆಯವನು ಬೀಗ ರಿಪೇರಿಯವನು. ಅವನದು ಉಗ್ಗು ಮಾತು. ಅವನ ಬಾಯಿಂದ ಮೊದಲ ಅಕ್ಷರ ಹೊರಬೀಳುವಷ್ಟರಲ್ಲಿ ಶತ್ರು ಬಂದು ಹೋಗಿರುತ್ತಿದ್ದ. ತಮ್ಮ ಅವನನ್ನು ಅಣಕಿಸಿಯೇ ಓಡಿಸಿದ್ದ. ಮೂರನೆಯವಳು ಆಸ್ಪತ್ರೆಯ ನರ್ಸು, ಗುರಿಯಲ್ಲಿ ತಮ್ಮನಿಗೇನೂ ಕಡಿಮೆಯಿಲ್ಲ, ಆದರೆ ಬಾಯಿಗೆ ಬೀಗವಿಲ್ಲ. ಪಂದ್ಯದ ನಡುವೆ ವಾರ್ಡಿನ ಕಥೆಯೆಲ್ಲ ಹೇಳುತ್ತಿದ್ದಳು.

ನರ್ಸಿನ ಮನೆಯ ಪಡಸಾಲೆಯಲ್ಲಿ ನಾಲ್ವರೂ ಮೊದಲ ಸಲ ಸೇರಿದ್ದು ಒಂದು ಭಾನುವಾರ ಬೆಳಿಗ್ಗೆ. ಕ್ರೇನ್ ಅಕ್ಕ ತನ್ನ ಕಂಪ್ಯೂಟರನ್ನು ಹೊದಿಕೆಯಲ್ಲಿ ಸುತ್ತಿ ಆಟೋದಲ್ಲಿ ತಂದಿದ್ದಳು, ಮನೆಯಲ್ಲಿ ಆಡಿದರೆ ಗೋಡೆಯಾಚೆ ತಮ್ಮನಿಗೆ ಕೇಳಿಸುತ್ತದೆಂದು.

"ನಂಗೆ ಒಂದೇ ಆಸೆ," ಎಂದಳು. "ಆರು ತಿಂಗಳಲ್ಲಿ ನಗರದ ಪಂದ್ಯಾವಳಿ ಇದೆ. ಅವನೂ ಬರ್ತಾನೆ. ನೂರಾರು ಜನರ ಮುಂದೆ ಅವನ ಮುಖ ಕೆಳಗಾಗೋದನ್ನ ನೋಡ್ಬೇಕು."

"ಆ ವಿ-ವಿಡಿಯೋ ನಾನೂ ನೋಡ್ದೆ," ಎಂದ ಬೀಗದವನು. "ನಂಗೆ ನಗು ಬ-ಬರ್ಲಿಲ್ಲ."

ದ್ವೇಷ ನಾಲ್ವರನ್ನು ಒಂದೇ ಪಡಸಾಲೆಗೆ ತಂದು ಕೂರಿಸಿತೇ ಹೊರತು ತಂಡ ಮಾಡಲಿಲ್ಲ. ಮೊದಲ ಹನ್ನೊಂದು ಪಂದ್ಯ ಸಾಲಾಗಿ ಸೋತರು. ನಾಲ್ಕೂ ಬಾಯಿ ಒಟ್ಟಿಗೆ ತೆರೆಯುತ್ತಿದ್ದವು. "ಅಲ್ಲಿದಾನೆ! ಅಲ್ಲಿ!" ಎಂದು ನರ್ಸು ಕಿರುಚಿದರೆ ಆ ಅಲ್ಲಿ ಎಲ್ಲಿ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮೇಷ್ಟ್ರು ಸತ್ತ ಮೇಲೂ ಲೆಕ್ಕ ಬಿಡಿಸಿ ಹೇಳುತ್ತಿದ್ದರು. ಅವಳು ಸ್ವತಃ ಒಂದು ದಿನ ಬೀಗದವನಿಗೆ "ಬೇಗ ಹೇಳೋ ಮಾರಾಯ!" ಎಂದುಬಿಟ್ಟಳು. ಹೇಳಿದ ತಕ್ಷಣ ನಾಲಿಗೆ ಕಚ್ಚಿಕೊಂಡಳು. ಆ ದನಿ ತನ್ನದಾಗಿರಲಿಲ್ಲ, ತಮ್ಮನದಾಗಿತ್ತು.

ಮುಂದಿನ ಭಾನುವಾರ ಅವಳು ಯಾರಿಗೂ ಬಂದೂಕು ಮುಟ್ಟಲು ಬಿಡಲಿಲ್ಲ. ಖಾಲಿ ಗೋದಾಮಿನಲ್ಲಿ ನಾಲ್ವರನ್ನೂ ಮೂಲೆ ಮೂಲೆ ಸುತ್ತಿಸಿದಳು. ಒಂದೊಂದು ಜಾಗಕ್ಕೂ ಒಂದೇ ಹೆಸರು, ಎಲ್ಲರ ಬಾಯಲ್ಲೂ ಅದೇ ಹೆಸರು. ಗಾಜು ಒಡೆದ ಕಿಟಕಿ ಬೊಚ್ಚುಬಾಯಿ. ತಗಡಿನ ಡಬ್ಬಗಳ ಸಾಲು ಅಂಗಡಿ. ಒಳಗೆ ಹೋದರೆ ಆಚೆ ಬರಲು ದಾರಿಯೇ ಇಲ್ಲದ ಹಿಂದಿನ ಕೋಣೆಗೆ ನರ್ಸು "ಅತ್ತೆ ಮನೆ" ಎಂದು ಹೆಸರಿಟ್ಟಳು, ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಬೀಗದವನಿಗೆ 'ಬ' ಅಕ್ಷರದಲ್ಲಿ ನಾಲಿಗೆ ಸಿಕ್ಕಿಬೀಳುತ್ತಿತ್ತು. ಬೊಚ್ಚುಬಾಯಿ ಹೋಗಿ ತೂತು ಆಯಿತು.

ಆಮೇಲೆ ಮಾತಿನ ಅಳತೆ. ಎಲ್ಲಿ, ಎಷ್ಟು, ಎತ್ತ. ಈ ಮೂರರಾಚೆ ಗುಂಡು ಹಾರುವಾಗ ಒಂದು ಪದವೂ ಬೇಡ. "ಅಂಗಡಿ, ಇಬ್ಬರು, ಒಳಕ್ಕೆ." ಕೇಳಿದವರು ಅದನ್ನೇ ತಿರುಗಿ ಹೇಳಬೇಕು, 'ಹೂಂ' ಅಂದರೆ ಲೆಕ್ಕಕ್ಕಿಲ್ಲ.

"ಹೂಂ ಅಂದೋರೆಲ್ಲ ಕೇಳಿಸ್ಕೊಂಡಿರ್ತಾರೆ ಅಂತ ನಾನು ನಂಬಿದ್ರೆ ನಮ್ಮ ಸೈಟಲ್ಲಿ ದಿನಾ ಒಂದು ಹೆಣ ಬೀಳ್ತಿತ್ತು," ಎಂದಳು.

ಸತ್ತವರು ತಮ್ಮನ್ನು ಕೊಂದವನು ಎಲ್ಲಿದ್ದಾನೆಂದು ಒಂದೇ ಸಲ ಹೇಳಿ ಮೈಕು ಮುಚ್ಚಬೇಕು. ಜಗಳವೇನಿದ್ದರೂ ಪಂದ್ಯ ಮುಗಿದ ಮೇಲೆ, ಅದೂ ಮೊದಲು ತನ್ನ ತಪ್ಪು ಹೇಳಿದವರಿಗಷ್ಟೇ ಇನ್ನೊಬ್ಬರ ತಪ್ಪು ಹೇಳುವ ಹಕ್ಕು. ನರ್ಸಿಗೆ ಇದು ಉಪವಾಸಕ್ಕಿಂತ ಕಷ್ಟವಾಯಿತು. ಸುತ್ತು ಮುಗಿಯುವವರೆಗೆ ಬಾಯಲ್ಲಿ ಒಂದು ಲವಂಗ ಕಚ್ಚಿಕೊಂಡು ಕೂರುತ್ತಿದ್ದಳು. ಬೀಗದವನು ತಾನೇ ಒಂದು ದಾರಿ ಹುಡುಕಿದ. ಮಾತು ಸಿಕ್ಕಿಬಿದ್ದರೆ ಜೇಬಿನ ಬೀಗದ ಕೈಯಿಂದ ಮೈಕಿಗೆ ಬಡಿಯುವುದು. ಟಕ್ ಅಂದರೆ ಒಬ್ಬ, ಟಕ್ ಟಕ್ ಅಂದರೆ ಇಬ್ಬರು. ಅವನಿರುವ ಜಾಗ ಉಳಿದವರಿಗೆ ಗೊತ್ತೇ ಇತ್ತು. ಒಂದು ತಿಂಗಳು ಕಳೆಯುವಷ್ಟರಲ್ಲಿ ನಾಲ್ವರಲ್ಲಿ ಎಲ್ಲರಿಗಿಂತ ಬೇಗ ಸುದ್ದಿ ಮುಟ್ಟಿಸುವವನು ಅವನೇ ಆದ.

ಗೆಲುವು ಒಂದೊಂದೇ ಬರತೊಡಗಿತು. ಮೇಷ್ಟ್ರು ಎಳೆಯ ಮಕ್ಕಳಂತೆ ಸಂತೋಷಪಡುತ್ತಿದ್ದರು. ಅವರ ಹೆಂಡತಿ ಹೋಗಿ ಎರಡು ವರ್ಷವಾಗಿತ್ತು; ಭಾನುವಾರ ಬಂದರೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಮೊದಲು ನರ್ಸಿನ ಮನೆಯ ಬಾಗಿಲು ತಟ್ಟುತ್ತಿದ್ದರು. ಆದರೆ ಅವಳಿಗೆ ಆ ಗೆಲುವುಗಳೆಲ್ಲ ಬರೀ ಮೆಟ್ಟಿಲು. ಊಟದ ಹೊತ್ತಿನಲ್ಲಿ ಗಾಜಿನ ಗೂಡಿನಲ್ಲಿ ಕೂತು ತಮ್ಮನ ಪಂದ್ಯಗಳನ್ನು ಫೋನಿನಲ್ಲಿ ನೋಡುತ್ತಿದ್ದಳು. ಅವನೇ ಹೆಮ್ಮೆಯಿಂದ ಎಲ್ಲರಿಗೂ ಕಾಣುವಂತೆ ಹಾಕಿದ ಪಂದ್ಯಗಳು. ಅರವತ್ತಮೂರು ನೋಡಿದಳು. ಒಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಎಣಿಸಿದಳು: ಅವನು ಎಷ್ಟು ಸಲ ಬಾಯಿ ತೆರೆದ, ಉಳಿದವರು ಎಷ್ಟು ಸಲ. ತಂಡ ಮುಂದಿದ್ದಾಗ ಒಂದು ಸುತ್ತಿನಲ್ಲಿ ಅವನದು ಹತ್ತು, ಉಳಿದವರದು ಎಂಟು. ಎರಡು ಸುತ್ತು ಹಿಂದೆ ಬಿದ್ದರೆ ಅವನದು ಮೂವತ್ತು, ಉಳಿದವರದು ಎರಡೋ ಮೂರೋ. ಬೈಗುಳಕ್ಕೆ ಹೆದರಿ ಅವರು ಕಂಡದ್ದನ್ನೂ ಹೇಳುತ್ತಿರಲಿಲ್ಲ. ಇನ್ನೊಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಮೂವರೂ ಸತ್ತು ಅವನೊಬ್ಬನೇ ಉಳಿದಾಗ ಅವನು ಆಡುತ್ತಿರಲಿಲ್ಲ, ಸತ್ತವರನ್ನು ಬೈಯುತ್ತಿದ್ದ.

ಅದನ್ನು ಕಂಡ ದಿನ ಅವಳು ಕ್ರೇನಿನ ಗೂಡಿನಲ್ಲಿ ಒಬ್ಬಳೇ ನಕ್ಕಳು.

"ಅವನನ್ನ ಕೊನೆಗೆ ಉಳಿಸಿ," ಎಂದು ತಂಡಕ್ಕೆ ಹೇಳಿದಳು. "ಮೊದ್ಲು ಉಳಿದ ಮೂವರು. ಒಬ್ನೇ ಆದ್ರೆ ಅವನ ತಲೆ ಓಡಲ್ಲ, ಬಾಯಿ ಓಡತ್ತೆ. ಸುಲಭದ ಸುತ್ತು."

ಮೇಷ್ಟ್ರು ನೋಟ್‌ಬುಕ್ ತಿರುವಿ ಹಾಕಿ ತಲೆಯಾಡಿಸಿದರು. "ಲೆಕ್ಕ ಸರಿಯಾಗಿದೆ ಕಣಮ್ಮ." ಆ ಲೆಕ್ಕದ ಹಿಂದೆ ಇನ್ನೊಂದು ಲೆಕ್ಕವಿದ್ದದ್ದನ್ನು ಅವಳು ಹೇಳಲಿಲ್ಲ. ಪಂದ್ಯಾವಳಿಯ ಸಭಾಂಗಣದಲ್ಲಿ ಒಬ್ಬನೇ ಆಟಗಾರ ಉಳಿದಾಗ ಆ ತಂಡದ ಮಾತನ್ನು ದೊಡ್ಡ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸುತ್ತಿದ್ದರು. ಆಟಗಾರರ ಕಿವಿಗೆ ದಪ್ಪ ಹೆಡ್‌ಫೋನ್ ಇರುವುದರಿಂದ ಅವರಿಗೆ ಅದು ತಿಳಿಯುತ್ತಿರಲಿಲ್ಲ. ತಮ್ಮನ ಬಾಯನ್ನು ಇಡೀ ಸಭೆಗೆ ಕೇಳಿಸಬೇಕು, ಅದೂ ಒಂದು ಸಲವಲ್ಲ, ಮತ್ತೆ ಮತ್ತೆ. ಅವಳಿಗೆ ಬೇಕಿದ್ದದ್ದು ಅದು.

ಪಂದ್ಯಾವಳಿ ಶನಿವಾರ ಮಧ್ಯಾಹ್ನ. ನಾನೂರು ಕುರ್ಚಿಯ ಸಭಾಂಗಣ ತುಂಬಿತ್ತು. ಇವರು ಎರಡು ತಂಡಗಳನ್ನು ಸೋಲಿಸಿದರು, ತಮ್ಮನ ತಂಡವೂ ಎರಡನ್ನು ಸೋಲಿಸಿತು, ಸೆಮಿಫೈನಲ್‌ನಲ್ಲಿ ಎದುರುಬದುರಾದರು. ವೇದಿಕೆ ಹತ್ತುವಾಗ ತಮ್ಮ ಹಲ್ಲು ಕಿರಿದ. "ಏನಕ್ಕ, ನನ್ನ ಗುಜರಿಯನ್ನೆಲ್ಲ ಆಯ್ಕೊಂಡು ಬಂದಿದೀಯ?"

"ಹೂಂ ಕಣೋ," ಎಂದಳು. "ತೂಕಕ್ಕೆ ಹಾಕೋಣ ಬಾ."

ಮೊದಲ ಸುತ್ತಿನಲ್ಲಿ ಎಲ್ಲ ಅಂದುಕೊಂಡಂತೆಯೇ ನಡೆಯಿತು. "ಅಂಗಡಿ, ಇಬ್ಬರು, ಒಳಕ್ಕೆ." "ಅಂಗಡಿ, ಇಬ್ಬರು." ನರ್ಸಿನ ಎರಡು ಗುಂಡಿಗೆ ಇಬ್ಬರೂ ಉರುಳಿದರು. ಟಕ್, ಎಂದಿತು ಬೀಗದ ಕೈ. ತೂತಿನ ಬಳಿ ಕನ್ನಡಕದ ಹುಡುಗಿ ಬಿದ್ದಳು. ತಮ್ಮನೊಬ್ಬ ಉಳಿದ. ಸ್ಪೀಕರಿನಲ್ಲಿ ಅವನ ದನಿ ಸಭೆಯ ಮೇಲೆ ಬಿತ್ತು: "ನಿಂಗೆ ಕಣ್ಣಿಲ್ವಾ? ಕನ್ನಡಕ ಯಾತಕ್ಕೆ ಹಾಕಿದೀಯ, ಅಂದಕ್ಕಾ?" ಜನ ಮೊದಲು ನಕ್ಕರು. ಎರಡನೆಯ ಸುತ್ತಿನಲ್ಲೂ ಅದೇ ಆಯಿತು, ನಗು ಸ್ವಲ್ಪ ಕಡಿಮೆಯಾಗಿತ್ತು. ನಾಲ್ಕನೆಯದರ ಹೊತ್ತಿಗೆ ಅವನ ಬಾಯಿಂದ ಹೊರಟದ್ದನ್ನು ಕೇಳಿ ಮುಂದಿನ ಸಾಲಿನ ಒಬ್ಬ ತಾಯಿ ಪಕ್ಕದ ಮಗಳ ಕಿವಿ ಮುಚ್ಚಿದಳು. ಏಳು ಸುತ್ತು ಕಳೆದಾಗ ಇವರು ಐದು, ಅವರು ಎರಡು.

ಎಂಟನೆಯ ಸುತ್ತಿನಲ್ಲಿ ಮೇಷ್ಟ್ರು ಅತ್ತೆ ಮನೆಯ ಬಾಗಿಲಲ್ಲಿ ಕಾದಿದ್ದರು. ತಮ್ಮ ಬಂದು ಅವರೆದುರೇ ಬೆನ್ನು ತೋರಿಸಿ ನಿಂತ. ಅವನ ಕಡೆಯ ಉಳಿದ ಮೂವರಲ್ಲಿ ಇಬ್ಬರು ಇನ್ನೂ ಬದುಕಿದ್ದರು.

"ಅತ್ತೆ ಮನೆ, ಒಬ್ಬ, ಬೆನ್ನು ಹಾಕಿದಾನೆ," ಎಂದರು ಮೇಷ್ಟ್ರು. "ನಿನ್ನ ತಮ್ಮನೇ. ಹೊಡೀಲಾ?"

"ಬೇಡ. ಉಳಿಸಿ."

ಮೇಷ್ಟ್ರು ಕೈ ತಡೆದರು. ತಮ್ಮ ಒಮ್ಮೆಲೇ ತಿರುಗಿ ಅವರನ್ನು ಹೊಡೆದ, ಮುಂದೆ ಓಡಿ ನರ್ಸನ್ನೂ ಹೊಡೆದ. ಸುತ್ತು ಹೋಯಿತು. ಒಂಬತ್ತನೆಯದರಲ್ಲಿ ಬೀಗದವನ ಗುರಿಗೆ ತಮ್ಮ ಸಿಕ್ಕಿದ. ಅವಳು ಮತ್ತೆ "ಉಳಿಸಿ" ಎಂದಳು. ಅದೂ ಹೋಯಿತು. ಹತ್ತನೆಯದರಲ್ಲಿ ಅವಳಿಗೇ ಸಿಕ್ಕಿದ, ಅವಳೇ ಬಿಟ್ಟಳು. ಐದು, ಐದು.

ಅರ್ಧ ನಿಮಿಷದ ಬಿಡುವು ತೆಗೆದುಕೊಂಡವರು ಮೇಷ್ಟ್ರು. ಅವರ ದನಿ ಶಾಂತವಾಗಿತ್ತು.

"ನನ್ನ ತಪ್ಪು ಮೊದ್ಲು ಹೇಳ್ತೀನಿ. ಎಂಟನೇ ಸುತ್ತಲ್ಲಿ ಹೊಡೀಬೇಕಿತ್ತು, ನಿನ್ನ ಮಾತು ಕೇಳ್ದೆ. ಈಗ ನೀನು ಹೇಳಮ್ಮ. ಈ ಸಿಗ್ನಲ್ ಗೆಲ್ಲೋಕಾ, ನಿನ್ನ ಹೊಟ್ಟೆ ತಣ್ಣಗಾಗೋಕಾ?"

ನರ್ಸು ಲವಂಗ ಉಗಿದು, "ಅಕ್ಕ, ಬೇಗ ಏನಾದ್ರೂ ಹೇಳಿ, ಹತ್ತು ಸೆಕೆಂಡಿದೆ," ಎಂದಳು.

"ಸಿಕ್ಕಲ್ಲಿ ಹೊಡೀರಿ," ಎಂದಳು ಅವಳು. "ಯಾರಾದ್ರೂ ಸರಿ."

ಹನ್ನೊಂದನೆಯ ಸುತ್ತಿನಲ್ಲಿ ಮೇಷ್ಟ್ರೇ ತಮ್ಮನನ್ನು ಮೊದಲ ಗುಂಡಿಗೆ ಉರುಳಿಸಿದರು. ತಮ್ಮ ಸತ್ತ ಮೇಲೂ ಮೈಕು ಬಿಡದೆ ಒದರುತ್ತಿದ್ದನೆಂದು ಕಾಣುತ್ತದೆ; ಅವನ ಉಳಿದ ಮೂವರು ದಾರಿ ತಪ್ಪಿದ ಕುರಿಗಳಂತೆ ಒಬ್ಬೊಬ್ಬರಾಗಿ ಬಂದು ಬಿದ್ದರು. ಆರು, ಐದು.

ಹನ್ನೆರಡನೆಯದರಲ್ಲಿ ಯಾರೂ ಉಳಿಸದೆಯೇ ತಮ್ಮ ಕೊನೆಯವನಾಗಿ ಉಳಿದ. ಇವರ ಕಡೆ ಅವಳೂ ಬೀಗದವನೂ ಇದ್ದರು. ಅವನ ದನಿ ಮತ್ತೆ ಸಭೆಗೆ ಕೇಳಿಸಿತು. "ದಂಡಪಿಂಡಗಳಾ! ನಾನೊಬ್ನೇ ಎಷ್ಟು ಅಂತ ಹೊರಲಿ? ಏ ಕನ್ನಡಕ, ನಾಳೆಯಿಂದ ನೀನು ಬರ್ಬೇಡ." ಕನ್ನಡಕದ ಹುಡುಗಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು, ಚೀಲ ಹೆಗಲಿಗೇರಿಸಿದಳು, ನಾನೂರು ಜನ ನೋಡುತ್ತಿದ್ದಂತೆ ವೇದಿಕೆ ಇಳಿದು ಹೊರಟುಹೋದಳು. ಅವಳ ಹಿಂದೆ ಇನ್ನೊಬ್ಬನೂ ಎದ್ದ. ತಮ್ಮನಿಗೆ ಗೊತ್ತಾಗಲಿಲ್ಲ. ಖಾಲಿ ಕುರ್ಚಿಗಳನ್ನು ಬೈಯುತ್ತಲೇ ಇದ್ದ. ಸಭೆ ಚಪ್ಪಾಳೆ ಹೊಡೆಯಿತು.

ಟಕ್.

"ಬಿಡು, ನಾನು ನೋಡ್ಕೋತೀನಿ," ಎಂದಳು ಅವಳು.

ಡಬ್ಬಗಳ ಸಾಲು ಸುತ್ತಿ ಅವನ ಹಿಂದೆ ಬಂದು ನಿಂತಳು. ಅವನು ಅತ್ತ ಇತ್ತ ನೋಡದೆ ಒಂದೇ ಕಡೆ ಮುಖ ಮಾಡಿ ನಿಂತಿದ್ದ, ಆಟದೊಳಗಿನ ಅವನ ಕೈ ಕೂಡ ಬಂದೂಕು ಇಳಿಸಿತ್ತು. ಹೊಡೆಯಬಹುದಿತ್ತು. ಹೊಡೆಯಲಿಲ್ಲ. ಒಂದು, ಎರಡು, ಮೂರು, ನಾಲ್ಕು ಎಣಿಸಿದಳು. ಆರು ತಿಂಗಳಲ್ಲಿ ಅವಳು ಉಂಡ ಯಾವ ಊಟವೂ ಆ ನಾಲ್ಕು ಸೆಕೆಂಡಿನಷ್ಟು ರುಚಿಯಾಗಿರಲಿಲ್ಲ. ಐದಕ್ಕೆ ಗುಂಡು ಹಾರಿಸಿದಳು.

ಫೈನಲ್‌ನಲ್ಲಿ ಇವರು ಸೋತರು, ಅದೂ ಸಾಕಷ್ಟು ಕೆಟ್ಟದಾಗಿ. ಅವಳಿಗೆ ಆ ಪಂದ್ಯ ನೆನಪೇ ಇಲ್ಲ.

ಮನೆಗೆ ಬಂದಾಗ ತಮ್ಮ ಆಗಲೇ ಊಟಕ್ಕೆ ಕೂತಿದ್ದ. ಅವನ ಬೈಗುಳದ ತುಣುಕು ಅಷ್ಟರಲ್ಲಿ ಎಲ್ಲ ಫೋನುಗಳಲ್ಲೂ ಓಡಾಡುತ್ತಿತ್ತು, ಅವಳು ಹಾಕಿದ್ದಲ್ಲ, ಸಭೆಯಲ್ಲಿದ್ದವರು ಹಾಕಿದ್ದು. ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ.

"ಖುಷಿ ಆಯ್ತಾ?"

"ಆಯ್ತು."

"ಸ್ವಂತ ತಮ್ಮನ ಮರ್ಯಾದೆ ತೆಗ್ದು."

"ನಾನೇನು ತೆಗ್ದೆ? ನಾನು ಬರೀ ಕೇಳಿಸ್ದೆ. ಒಂದು ಅಕ್ಷರಾನೂ ಕತ್ತರಿಸಿಲ್ಲ."

ಅಮ್ಮ ನೀರಿನ ಲೋಟವನ್ನು ಕುಕ್ಕಿ ಇಟ್ಟಳು. "ಇಬ್ರೂ ಸಾಕು ಮಾಡಿ. ಇಬ್ರೂ ನನ್ನ ಹೊಟ್ಟೇಲಿ ಹುಟ್ಟಿದೋರು."

"ಹಾಗಿದ್ರೆ ಅವತ್ತೇ ಹೇಳ್ಬೇಕಿತ್ತಮ್ಮ," ಎಂದಳು ಅವಳು. "ಅವತ್ತು ನೀನು ಚಿಕ್ಕವ್ನು ಅಂದೆ." ತಮ್ಮ ಅರ್ಧ ತಟ್ಟೆ ಬಿಟ್ಟು ಎದ್ದು ಹೋದ. ಅವಳು ಪೂರ್ತಿ ಉಂಡಳು, ಎರಡನೆಯ ಸಲ ಬಡಿಸಿಕೊಂಡು.

ಕೆಟ್ಟ ಸುದ್ದಿ ಬಂದದ್ದು ಮುಂದಿನ ಭಾನುವಾರ. ಎಲ್ಲರಿಗಿಂತ ಮೊದಲು ಬಾಗಿಲು ತಟ್ಟುತ್ತಿದ್ದ ಮೇಷ್ಟ್ರು ಬರಲಿಲ್ಲ. ನರ್ಸು ಫೋನು ಮಾಡಿದರೆ, "ನಾನಿನ್ನು ಆಡಲ್ಲ, ನೀವು ಚೆನ್ನಾಗಿ ಆಡಿ" ಎಂದಷ್ಟೇ ಹೇಳಿದರು. ಒಂದು ವಾರವಾಯಿತು, ಎರಡಾಯಿತು. ತಮ್ಮನ ಮೌನ ಅವಳನ್ನು ಒಂದು ದಿನವೂ ಕಾಡಿರಲಿಲ್ಲ. ಮೇಷ್ಟ್ರ ಖಾಲಿ ಕುರ್ಚಿ ಕಾಡಿತು.

ಮೂರನೆಯ ವಾರ ಅವರ ಮನೆ ಹುಡುಕಿಕೊಂಡು ಹೋದಳು. ಎರಡು ಕೋಣೆಯ ಮನೆ, ಕಿಟಕಿಯಲ್ಲಿ ಒಣಗಿದ ಕುಂಡ, ಹಗ್ಗದ ಮೇಲೆ ಒಂದೇ ಒಂದು ಟವೆಲು. ಮೇಷ್ಟ್ರು ಬಾಗಿಲು ತೆಗೆದು, ಕೂರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

"ಮೇಷ್ಟ್ರೇ, ಅವನ ಮುಖ ಕೆಳಗೆ ಹಾಕಿಸಿದ್ದಕ್ಕೆ ನಂಗೆ ಪಶ್ಚಾತ್ತಾಪ ಇಲ್ಲ. ಸುಳ್ಳು ಹೇಳಲ್ಲ," ಎಂದಳು ನಿಂತುಕೊಂಡೇ. "ಆದ್ರೆ ನಿಮ್ಮನ್ನ ಕೊಕ್ಕೆ ಮಾಡ್ಕೊಂಡು ಎಳೆದೆನಲ್ಲ, ಅದು ತಪ್ಪು. ಕೆಳಗಿರೋರು ನನ್ನ ಮಾತು ನಂಬಿ ನಿಂತಿದ್ರಿ. ನಾನು ಸರಕು ಬೇರೆ ಕಡೆ ಇಳಿಸ್ದೆ."

ಮೇಷ್ಟ್ರು ಬಾಗಿಲ ಚಿಲಕ ಹಿಡಿದೇ ನಿಂತಿದ್ದರು.

"ನಿನ್ನ ತಮ್ಮ ನನ್ನನ್ನ ಮುದುಕಪ್ಪ ಅಂದಾಗ ಸಿಟ್ಟು ಬಂದಿತ್ತು, ನೋವಾಗಿರ್ಲಿಲ್ಲ," ಎಂದರು. "ಅವನ ಬಾಯಿ ಅಂಥದ್ದು. ನೀನು 'ಉಳಿಸಿ' ಅಂದಾಗ ನೋವಾಯ್ತು. ನಾನು ನಿನ್ನನ್ನ ನಂಬಿದ್ದೆ ಕಣಮ್ಮ."

ಅವಳು ತಲೆ ತಗ್ಗಿಸಿ ನಿಂತಳು. ಹದಿನೇಳು ವರ್ಷ ಯಾರೆದುರೂ ಹಾಗೆ ನಿಂತವಳಲ್ಲ. ಕೊನೆಗೆ ಮೇಷ್ಟ್ರು ಒಳಗೆ ಹೋಗಿ ಎರಡು ಲೋಟ ಟೀ ತಂದರು. ಆಮೇಲೂ ಬರುತ್ತೇನೆ ಅನ್ನಲಿಲ್ಲ. ಬಂದದ್ದು ಮತ್ತೆ ಎರಡು ಭಾನುವಾರ ಬಿಟ್ಟು, ಇಸ್ತ್ರಿಯಿಲ್ಲದ ಅಂಗಿಯಲ್ಲಿ. ಬಂದವರೇ ಒಂದು ಮಾತು ತೆಗೆದುಕೊಂಡರು: ಇನ್ನು ಮುಂದೆ ಒಂದು ಪಂದ್ಯ ಬಿಟ್ಟು ಒಂದು ಪಂದ್ಯದಲ್ಲಿ ಆಟ ನಡೆಸುವ ದನಿ ಬೀಗದವನದು. ಅವಳು ಒಪ್ಪಿಕೊಂಡಳು.

ತಮ್ಮನ ತಂಡ ಮುರಿದುಬಿತ್ತು. ಕೆಲವು ತಿಂಗಳು ಅವನು ಗುರುತಿಲ್ಲದವರ ಜೊತೆ ಆಡಿದ. ಗೋಡೆಯಾಚೆಯಿಂದ ಬರುತ್ತಿದ್ದ ಕೂಗು ಕಡಿಮೆಯಾಗುತ್ತ ಬಂತು. ಒಂದು ಸಂಜೆ ಅವಳು ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತ.

"ಅಕ್ಕ, ಆ ವಿಡಿಯೋ ತೆಗೆದಿದೀನಿ."

"ಗೊತ್ತು. ಒಂಬತ್ತು ತಿಂಗಳು ಆದ್ಮೇಲೆ."

"ನಿಮ್ಮ ತಂಡದಲ್ಲಿ ಬದಲಿ ಆಟಗಾರ ಬೇಕು ಅಂತ ನರ್ಸಕ್ಕ ಹೇಳ್ತಿದ್ರು."

"ಬೇಕಿತ್ತು. ಕನ್ನಡಕದ ಹುಡುಗೀನ ತಗೊಂಡಾಯ್ತು."

ಅವನ ಮುಖ ಬಾಡಿದ್ದನ್ನು ಅವಳು ನೆಟ್ಟಗೆ ನೋಡಿದಳು, ಕಣ್ಣು ತಪ್ಪಿಸಲಿಲ್ಲ. ಅವನು ಒಳಗೆ ಹೋದ. ಈಗ ಅವರಿಬ್ಬರೂ ಅಮ್ಮನ ಮಾತ್ರೆ, ನಲ್ಲಿಯ ನೀರು, ಗ್ಯಾಸ್ ಸಿಲಿಂಡರು ಇಂಥದ್ದನ್ನು ಮಾತಾಡುತ್ತಾರೆ. ಆಟದ ಸುದ್ದಿ ಎತ್ತುವುದಿಲ್ಲ.

ಮೊನ್ನೆ ನರ್ಸು ಅವಳನ್ನು ಕೇಳಿದಳಂತೆ: "ಅಕ್ಕ, ಇಷ್ಟು ದಿನ ಆಯ್ತಲ್ಲ, ತಮ್ಮನ್ನ ಕ್ಷಮಿಸಿದ್ರಾ?"

ಅವಳು ಹೆಡ್‌ಫೋನಿನ ತಂತಿಯ ಸಿಕ್ಕು ಬಿಡಿಸುತ್ತಿದ್ದಳು. ಪೂರ್ತಿ ಬಿಡಿಸಿ, ಸುತ್ತಿ ಮೇಜಿನ ಮೇಲಿಟ್ಟಳು.

"ಇನ್ನೂ ಇಲ್ಲ," ಎಂದಳು. "ಅವಸರ ಏನಿದೆ?"